ವಯಸ್ಸಾದವರ ಮಂಕು ಮತ್ತು ರಾತ್ರಿ ಊಟದ ಹಾಲು-ಬ್ರೆಡ್ಡು

ನಮ್ಮ ಓಪಿಡಿಗೆ ಬರೋ ಎಪ್ಪತ್ತರ ಆಸುಪಾಸಿನವರಲ್ಲಿ "ಮನಸ್ಸಿಗೆ ಬೇಜಾರು ಡಾಕ್ಟ್ರೇ" ಅಂತ ಬಾಯ್ಬಿಟ್ಟು ಹೇಳೋರು ತುಂಬಾ ಕಮ್ಮಿ. ಅವರು ಹೇಳೋದೆಲ್ಲ ಹೊಟ್ಟೆ ವಿಷ್ಯ. ಗ್ಯಾಸ್ ತುಂಬ್ಕೊಳ್ಳುತ್ತೆ, ಮೋಷನ್ ಸರಿಯಾಗಿ ಆಗಲ್ಲ, ಬಾಯಿಗೆ ರುಚಿ ಇಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗಿ ಮತ್ತೆ ನಿದ್ದೆ ಹತ್ತಲ್ಲ, ಟೀವಿನೂ ಬೇಡ, ದೇವಸ್ಥಾನನೂ ಬೇಡ ಅನ್ಸುತ್ತೆ. ಜೊತೆಗೆ ಬಂದಿರೋ ಮಗನೋ ಸೊಸೆನೋ "ಗ್ಯಾಸಿಗೆ ಏನಾದ್ರೂ ಬರ್ಕೊಡಿ ಸಾರ್" ಅಂತಾರೆ. ಆ ನಿದ್ದೆ ಮತ್ತು 'ಬೇಡ' ಅನ್ನೋ ಮಾತು ಕಿವಿಗೆ ಬಿತ್ತು ಅಂದ್ರೆ ನಾನು ಮಾತ್ರೆ ಬರೆಯೋಕೆ ಮುಂಚೆ ಕೇಳೋದು ಒಂದೇ: ನಿನ್ನೆ ಬೆಳಗ್ಗೆಯಿಂದ ರಾತ್ರಿ ತನಕ ಏನೇನ್ ತಿಂದ್ರಿ, ಯಾರ ಜೊತೆ ಕೂತು ತಿಂದ್ರಿ?

ಒಬ್ಬ ಅಜ್ಜಿ ಕೊಟ್ಟ ಉತ್ತರ ಹೇಳ್ತೀನಿ (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ). ಯಜಮಾನ್ರು ಹೋಗಿದಾರೆ, ಮಕ್ಕಳು ಬೇರೆ ಊರಲ್ಲಿ. ಬೆಳಗ್ಗೆ ಕಾಫಿ, ಎರಡು ರಸ್ಕು. ಮಧ್ಯಾಹ್ನ ಅನ್ನ, ತಿಳಿಸಾರು, ಒಂಚೂರು ಮೊಸರು. ಸಂಜೆ ಮತ್ತೆ ಕಾಫಿ, ಬಿಸ್ಕತ್ತು. ರಾತ್ರಿ ಹಾಲಲ್ಲಿ ಅದ್ದಿದ ಬ್ರೆಡ್ಡು. "ಒಬ್ಳಿಗೆ ಏನ್ ಪಲ್ಯ ಮಾಡ್ಲಿ, ಒಗ್ಗರಣೆ ಹಾಕೋಕೂ ಮನಸ್ಸು ಬರಲ್ಲ" ಅಂದ್ರು. ಹಲ್ಲಿನ ಸೆಟ್ ಸಡಿಲ ಆಗಿರೋದ್ರಿಂದ ತರಕಾರಿ ಬಿಟ್ಟಿದಾರೆ, ರಾತ್ರಿ ಬಾತ್‌ರೂಮಿಗೆ ಏಳ್ಬೇಕು ಅಂತ ಸಂಜೆ ಮೇಲೆ ನೀರೂ ಬಿಟ್ಟಿದಾರೆ. ಚೀಲದಲ್ಲಿ ಶುಗರಿಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್, ಎರಡೂ ವರ್ಷಗಟ್ಟಲೆಯಿಂದ ನಡೀತಿದೆ.

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಒಂದರ ಮೇಲೊಂದು ಕೂತಿವೆ. ಮೊದಲ್ನೇದು ಮಾತ್ರೆಗಳದ್ದು. ಮೆಟ್‌ಫಾರ್ಮಿನ್, ಪ್ಯಾಂಟೊಪ್ರಜೋಲ್ ಎರಡೂ ತುಂಬಾ ಕಾಲ ತಗೊಂಡ್ರೆ ವಿಟಮಿನ್ ಬಿ12 ಹೀರಿಕೊಳ್ಳೋದು ಕಮ್ಮಿ ಆಗುತ್ತೆ, ಸಸ್ಯಾಹಾರಿಗಳಿಗೆ ಮೊದಲೇ ಅದು ಸಿಗೋದು ಹಾಲು ಮೊಸರಿಂದ ಅಷ್ಟೇ. ಬಿ12 ಕಮ್ಮಿ ಆದ್ರೆ ಸುಸ್ತು, ಮರೆವು, ಮಂಕು ಎಲ್ಲ ಬರುತ್ತೆ, ನೋಡೋಕೆ ಥೇಟ್ ಡಿಪ್ರೆಷನ್. ಥೈರಾಯ್ಡ್ ಕಮ್ಮಿ ಇದ್ರಂತೂ ಮಲಬದ್ಧತೆ, ಮಂಕು ಎರಡೂ ಒಟ್ಟಿಗೆ ಬರುತ್ತೆ. ಹಾಗಾಗಿ ಡಯಟ್ ಮಾತು ಶುರು ಮಾಡೋ ಮುಂಚೆ ಬಿ12, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಹಿಮೋಗ್ಲೋಬಿನ್ ಈ ಮೂರು ಟೆಸ್ಟ್ ಮಾಡಿಸ್ಲೇಬೇಕು. ಈ ಅಜ್ಜಿಗೆ ಬಿ12 ಕಮ್ಮಿನೇ ಇತ್ತು. ಹಾಗಂತ ಮನೇಲಿ ನೀವೇ ಶುಗರ್ ಮಾತ್ರೆ ನಿಲ್ಲಿಸ್ಬೇಡಿ, ಗ್ಯಾಸ್ ಮಾತ್ರೆ ಇನ್ನೂ ಬೇಕಾ ಅಂತ ಮಾತ್ರ ಡಾಕ್ಟರನ್ನ ಕೇಳಿ.

ಎರಡನೇದು ತಟ್ಟೆ. ನಮ್ಮ ದೊಡ್ಡ ಕರುಳಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಊಟ ಅಂದ್ರೆ ನಾರು, ಅದನ್ನ ಹುಳಿ ಬರ್ಸಿ ಅವು ಬ್ಯುಟಿರೇಟ್‌ನಂಥ ಆಮ್ಲ ಮಾಡ್ತವೆ, ಅದ್ರಿಂದ ಕರುಳಿನ ಒಳಪದರ ಗಟ್ಟಿ ಇರುತ್ತೆ, ಉರಿಯೂತ ಹತೋಟಿಲಿರುತ್ತೆ. ರಸ್ಕು, ಬ್ರೆಡ್ಡು, ಬಿಳಿ ಅನ್ನದಲ್ಲಿ ಅವಕ್ಕೆ ಸಿಗೋದು ಅಷ್ಟಕ್ಕಷ್ಟೇ. ಐರ್ಲೆಂಡಲ್ಲಿ 178 ಜನ ಹಿರಿಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೈಕೆ ಕೇಂದ್ರಗಳಲ್ಲಿ ತುಂಬಾ ದಿನದಿಂದ ಇದ್ದವರ ಕರುಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಮ್ಮಿ ಇತ್ತು, ಅದು ಅವರ ಊಟಕ್ಕೂ ದೌರ್ಬಲ್ಯಕ್ಕೂ ತಾಳೆ ಆಗ್ತಿತ್ತು. ಒಂಟಿಯಾಗಿ ತಿನ್ನೋರ ತಟ್ಟೆ ನೋಡಿದಾಗೆಲ್ಲ ನಂಗೆ ಅದೇ ನೆನಪಾಗೋದು.

ಆದ್ರೆ 'ಸೆರೋಟೋನಿನ್ (ಮನಸ್ಸಿನ ಸ್ಥಿತಿಗೆ ನಂಟಿರೋ ರಾಸಾಯನಿಕ) ತೊಂಬತ್ತು ಪರ್ಸೆಂಟ್ ಹೊಟ್ಟೇಲೇ ತಯಾರಾಗುತ್ತೆ, ಹೊಟ್ಟೆ ಸರಿ ಮಾಡ್ಕೊಳಿ ಡಿಪ್ರೆಷನ್ ಹೋಗುತ್ತೆ' ಅಂತ ವಿಡಿಯೋ ಮಾಡೋರ ಮಾತು ನಂಬ್ಬೇಡಿ. ಅಲ್ಲಿ ತಯಾರಾಗೋದು ನಿಜ, ಆದ್ರೆ ಅದು ನೇರವಾಗಿ ಮಿದುಳಿಗೆ ದಾಟಲ್ಲ. ಹೊಟ್ಟೆಗೂ ಮಿದುಳಿಗೂ ಇರೋ ನಂಟು ವೇಗಸ್ ನರ (ಮಿದುಳಿಂದ ಹೊಟ್ಟೆವರೆಗೆ ಬರೋ ನರ), ರೋಗನಿರೋಧಕ ವ್ಯವಸ್ಥೆ, ಇಂಥ ದಾರಿಗಳ ಮೂಲಕ. ಆಸ್ಟ್ರೇಲಿಯಾದಲ್ಲಿ 67 ಜನ ಡಿಪ್ರೆಷನ್ ಇರೋರ ಮೇಲೆ 12 ವಾರ ಪ್ರಯೋಗ ಮಾಡಿ 2017ರಲ್ಲಿ ಪ್ರಕಟ ಮಾಡಿದ್ರು, ತರಕಾರಿ, ಕಾಳು, ಇಡಿ ಧಾನ್ಯ, ಮೀನು ಜಾಸ್ತಿ ಮಾಡಿ ಆಹಾರ ಬದಲಿಸಿದವರಲ್ಲಿ ಸುಮಾರು 32% ಜನರ ಡಿಪ್ರೆಷನ್ ಹೆಚ್ಚೂಕಮ್ಮಿ ಇಲ್ಲದ ಮಟ್ಟಕ್ಕೆ ಇಳೀತು, ಬರೀ ಮಾತುಕತೆಯ ಒಡನಾಟ ಸಿಕ್ಕವರಲ್ಲಿ 8%. ಅದರಲ್ಲೂ ಹೆಚ್ಚಿನವರು ಚಿಕಿತ್ಸೆ ತಗೋತಾನೇ ಇದ್ರು, ವಯಸ್ಸಾದವರೇ ಅಂತಲೂ ಅಲ್ಲ. ಅಂದ್ರೆ ಊಟ ಚಿಕಿತ್ಸೆ ಜೊತೆಗೆ, ಚಿಕಿತ್ಸೆ ಬದಲಿಗಲ್ಲ.

ಅಜ್ಜಿಗೆ ಆ ಪ್ರಯೋಗದಲ್ಲಿದ್ದ ಹಾಗೆ ಆಲಿವ್ ಎಣ್ಣೆ ತನ್ನಿ ಅಂತ ನಾನೇನೂ ಹೇಳ್ಲಿಲ್ಲ. ನೂರು ಗ್ರಾಂ ರಾಗೀಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕೀಲಿ ಮೂರೂ ಇಲ್ಲ, ಅದೂ ಅಲ್ದೆ ಮುದ್ದೆಗೆ ಹಲ್ಲು ಬೇಕಿಲ್ಲ. ಬೆಳಗ್ಗೆ ರಸ್ಕಿನ ಬದ್ಲು ರಾಗಿ ಅಂಬಲಿಗೆ ಮಜ್ಜಿಗೆ ಬೆರ್ಸಿ ಕುಡೀರಿ, ಮಧ್ಯಾಹ್ನ ತಿಳಿಸಾರಿನ ಬದ್ಲು ಬೇಳೆ ಗಟ್ಟಿಯಾಗಿರೋ ಸೊಪ್ಪಿನ ಸಾರು, ಸೊಪ್ಪು ಸಣ್ಣಗೆ ಹೆಚ್ಚಿ ಮೆತ್ತಗೆ ಬೇಯಿಸಿ, ಅದೂ ಆಗ್ಲಿಲ್ವಾ ದೊಡ್ಡಪತ್ರೆನೋ ಒಂದೆಲಗನೋ ಹಾಕಿ ತಂಬುಳಿ ಮಾಡ್ಕೊಳಿ ಅಂದೆ. ಒಂದು ವಾರಕ್ಕೆ ಒಂದೇ ಬದಲಾವಣೆ, ಯಾಕಂದ್ರೆ ಒಮ್ಮೆಲೇ ಕಾಳು ಸೊಪ್ಪು ಜಾಸ್ತಿ ಮಾಡಿದ್ರೆ ಗ್ಯಾಸ್ ನಿಜಕ್ಕೂ ಹೆಚ್ಚಾಗಿ ಎಲ್ಲ ಬಿಟ್ಬಿಡ್ತಾರೆ. ನೀರನ್ನ ಸಂಜೆ ಒಳಗೇ ಮುಗಿಸ್ಬೇಕು, ನೀರಿಲ್ದೆ ನಾರು ತಿಂದ್ರೆ ಮಲಬದ್ಧತೆ ಇನ್ನೂ ಜೋರಾಗುತ್ತೆ. ಕಿಡ್ನಿ, ಹಾರ್ಟ್ ತೊಂದ್ರೆ ಇರೋರು ನೀರು, ಕಾಳು ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳ್ಬೇಕು. ದುಬಾರಿ ಪ್ರೋಬಯಾಟಿಕ್ (ಒಳ್ಳೇ ಬ್ಯಾಕ್ಟೀರಿಯಾ ಇರೋ) ಕ್ಯಾಪ್ಸೂಲ್ ಬರೆಯೋ ಅಗತ್ಯ ನಂಗೆ ಕಾಣ್ಲಿಲ್ಲ, ಮನೇಲಿ ಹೆಪ್ಪು ಹಾಕಿದ ಮೊಸರಿದೆ.

ಊಟಕ್ಕಿಂತ ಕಷ್ಟ ಆಗಿದ್ದು ಜೊತೆ ಹುಡುಕೋದು. ಪಕ್ಕದ್ಮನೆ ಇನ್ನೊಬ್ಬ ವಯಸ್ಸಾದ ಹೆಂಗಸು ಕೂಡ ಒಂಟಿನೇ, ಇಬ್ರೂ ಮಧ್ಯಾಹ್ನದ ಊಟ ಒಟ್ಟಿಗೆ ಮಾಡೋ ಹಾಗೆ ಅಜ್ಜಿ ಮಗಳೇ ಮಾತಾಡಿ ಒಪ್ಪಿಸಿದ್ರು, ಒಬ್ರು ಸಾರು ಮಾಡಿದ್ರೆ ಇನ್ನೊಬ್ರು ಪಲ್ಯ. ಬಿ12 ಇಂಜೆಕ್ಷನ್ನೂ ನಡೀತು. ಮೊದಲು ಮೋಷನ್ ಸರಿಹೋಯ್ತು, ನಿದ್ದೆ, ಮನಸ್ಸು ಆಮೇಲೆ ನಿಧಾನಕ್ಕೆ. ಇದ್ರಲ್ಲಿ ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ.

ಇದೆಲ್ಲ ಸಣ್ಣ ಮಟ್ಟದ ಡಿಪ್ರೆಷನ್ನಿಗೆ. ತೂಕ ತಾನಾಗೇ ಇಳೀತಿದ್ರೆ, ಮಲದಲ್ಲಿ ರಕ್ತ ಅಥವಾ ಕಪ್ಪು ಬಣ್ಣ ಕಂಡ್ರೆ, ಮಲಬದ್ಧತೆ ಈ ವಯಸ್ಸಲ್ಲಿ ಹೊಸದಾಗಿ ಶುರುವಾಗಿದ್ರೆ ರಾಗಿ ಅಂಬಲಿ ಮಾಡ್ಕೊಂಡು ಕೂರ್ಬೇಡಿ, ತೋರಿಸಿ. ಮತ್ತೆ "ದೇವ್ರು ಬೇಗ ಕರ್ಕೊಂಡ್ರೆ ಸಾಕು" ಅನ್ನೋದನ್ನ ನಮ್ಮ ಮನೆಗಳಲ್ಲಿ ವಯಸ್ಸಾದವರ ಮಾಮೂಲಿ ಮಾತು ಅಂತ ತಳ್ಳಿಹಾಕ್ತೀವಿ. ಪದೇಪದೇ ಅಂತಿದ್ರೆ ಪಕ್ಕದಲ್ಲಿ ಕೂತು "ಸಾಯ್ಬೇಕು ಅಂತ ಅನ್ಸುತ್ತಾ ಅಮ್ಮ?" ಅಂತ ನೇರವಾಗೇ ಕೇಳಿ, ಕೇಳೋದ್ರಿಂದ ಆ ಯೋಚ್ನೆ ಹೊಸದಾಗಿ ಹುಟ್ಟಲ್ಲ. ಹೌದು ಅಂದ್ರೆ ಒಬ್ರನ್ನೇ ಬಿಡ್ಬೇಡಿ, ಅವತ್ತೇ ಮನೋವೈದ್ಯರ ಹತ್ರ ಕರ್ಕೊಂಡ್ಹೋಗಿ, ಹೇಗೆ ಏನು ಅಂತ ಗೊತ್ತಾಗದಿದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡ್ಬೇಕಿಲ್ಲ.