ಗಾಳಿ ನೇರ, ಗ್ರಾಫ್ ಸೊಟ್ಟ

ಗದಗದ ಕಪ್ಪತಗುಡ್ಡದ ಕಡೆ ಹೋದವರು ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಅಂಥ ಯಂತ್ರಗಳ ಲೆಕ್ಕ ನೋಡುವುದು ನನ್ನ ಕೆಲಸ. ಎಷ್ಟು ಗಾಳಿಗೆ ಎಷ್ಟು ಕರೆಂಟ್ ಎಂದು ತೋರಿಸುವ ಗೆರೆಗೆ ನಾವು ಪವರ್ ಕರ್ವ್ ಎನ್ನುತ್ತೇವೆ.

ಮೊನ್ನೆ ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗನೊಬ್ಬ ಇಂಥದ್ದೊಂದು ಗ್ರಾಫ್ ತಂದಿದ್ದ. ಪೈಥಾನ್‌ನ ಪಾಲಿಫಿಟ್‌ಗೆ ಡಿಗ್ರಿ 9 ಕೊಟ್ಟಿದ್ದ. ಅಂದರೆ x, x² ಹೀಗೆ ಒಂಬತ್ತನೇ ಘಾತದವರೆಗಿನ ಸೂತ್ರವೊಂದನ್ನು, ಪಾಲಿನಾಮಿಯಲ್ ಅನ್ನು, ಬಿಂದುಗಳಿಗೆ ಹೊಂದಿಸಿದ್ದ. ಗೆರೆ ಬಿಂದುಗಳಿಗೆ ಎಷ್ಟು ಹೊಂದಿದೆ ಎಂದು ಹೇಳುವ ಆರ್-ಸ್ಕ್ವೇರ್ (1 ಬಂದರೆ ಪೂರ್ತಿ) 0.99 ಬಂದ ಖುಷಿ ಬೇರೆ. ನಾನು ಮೊದಲು ನೋಡಿದ್ದು ಗೆರೆಯ ತುದಿಗಳನ್ನು. ಸೆಕೆಂಡಿಗೆ 2 ಮೀಟರ್ ಗಾಳಿಗೆ ಯಂತ್ರ ಮೈನಸ್ 60 ಕಿಲೋವ್ಯಾಟ್ ಕೊಡುತ್ತಿತ್ತು! ನಿಂತ ಯಂತ್ರ ತನ್ನ ಖರ್ಚಿಗೆ ಗ್ರಿಡ್‌ನಿಂದ ಒಂದಿಷ್ಟು ಎಳೆಯುತ್ತದೆ, ನಿಜ. ಆದರೆ ಅಷ್ಟೊಂದಲ್ಲ. ಆಚೆ ತುದಿಯಲ್ಲಿ 2000 ಕಿಲೋವ್ಯಾಟಿನ ಯಂತ್ರ 2090 ತೋರಿಸುತ್ತಿತ್ತು.

ಸಾಮಾನ್ಯವಾಗಿ ಯಂತ್ರ 3 ಮೀಟರ್ ವೇಗದ ಹತ್ತಿರ ಶುರುವಾಗುತ್ತದೆ, ಭರ್ರನೆ ಏರುತ್ತದೆ, 12ರ ಸುಮಾರಿಗೆ ಪೂರ್ತಿ ಶಕ್ತಿ ಮುಟ್ಟಿ ಮಟ್ಟಸವಾಗುತ್ತದೆ. ಪಾಲಿನಾಮಿಯಲ್‌ಗೆ ಹೀಗೆ ಮಟ್ಟಸವಾಗಿ ನಿಲ್ಲಲು ಬರುವುದಿಲ್ಲ. ಒಂದು ಕಡೆ ಬಗ್ಗಿಸಿದರೆ ಇನ್ನೊಂದು ಕಡೆ ಏಳುತ್ತದೆ. ಸಮ ಅಂತರದ ಬಿಂದುಗಳ ಮೇಲೆ ಡಿಗ್ರಿ ಜಾಸ್ತಿ ಮಾಡಿದಷ್ಟೂ ತುದಿಗಳ ಓಲಾಟ ಹೆಚ್ಚಬಹುದು ಎಂದು ಜರ್ಮನಿಯ ಗಣಿತಜ್ಞ ರುಂಗೆ 1901ರಲ್ಲೇ ತೋರಿಸಿದ್ದರು.

‘ಹಾಗಾದ್ರೆ ಕ್ಯೂಬಿಕ್ ಸ್ಪ್ಲೈನ್ ಹಾಕಲಾ ಸರ್?’ ಎಂದ. ಅದು ಮೂರನೇ ಘಾತದ ಚಿಕ್ಕ ಚಿಕ್ಕ ತುಂಡುಗಳನ್ನು ನುಣುಪಾಗಿ ಜೋಡಿಸಿದ ಗೆರೆ, ಎಲ್ಲ ಬಿಂದುಗಳನ್ನೂ ಮುಟ್ಟುತ್ತದೆ. ಆದರೆ ಓಡಿ ಬಂದ ಚಕ್ಕಡಿ ತಟ್ಟನೆ ನಿಲ್ಲದ ಹಾಗೆ, ತಿರುವಿನಲ್ಲಿ 2000 ದಾಟಿ ಮತ್ತೆ ಇಳಿಯುತ್ತದೆ. ನಾನು ಹಾಕುವುದು ಪಿಚಿಪ್ (PCHIP), ಅದೂ ತುಂಡು ಜೋಡಿಸಿದ ಗೆರೆಯೇ. ಫ್ರಿಟ್ಷ್, ಕಾರ್ಲ್‌ಸನ್ 1980ರಲ್ಲಿ ಪ್ರಕಟಿಸಿದ ದಾರಿ. ಎರಡು ಬಿಂದುಗಳ ನಡುವೆ ಗೆರೆ ಅವೆರಡರ ಮೇಲೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ಸ್ಪ್ಲೈನ್‌ನಷ್ಟು ನುಣುಪಿಲ್ಲ, ಇರಲಿ ಬಿಡಿ. ಮ್ಯಾಟ್‌ಲ್ಯಾಬ್, ಆಕ್ಟೇವ್, ಸೈಪೈ ಈ ಮೂರೂ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಇದೆ.

ಆದರೆ ಹಸಿ ರೀಡಿಂಗ್‌ಗಳಿಗೆ ಸುಮ್ನೆ ಪಿಚಿಪ್ ಹಾಕಬಾರದು. ಅದು ಅಳತೆ ಮೀಟರಿನ ತಪ್ಪನ್ನೂ ನಿಷ್ಠೆಯಿಂದ ಮುಟ್ಟಿ ಬರುತ್ತದೆ. ಮೊದಲು 10 ನಿಮಿಷದ ಸರಾಸರಿ ತೆಗೆಯಬೇಕು. ಅವನ್ನು ಅರ್ಧ ಅರ್ಧ ಮೀಟರ್ ವೇಗದ ಗುಂಪುಗಳಿಗೆ, ಅಂದರೆ ಬಿನ್‌ಗಳಿಗೆ ಹಂಚಿ, ಪ್ರತಿ ಬಿನ್ನಿನ ಸರಾಸರಿ ಹಿಡಿಯಬೇಕು. ಗಾಳಿಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-12-1ರ ಪದ್ಧತಿಯೂ ಇದೇ. ಗೆರೆ ಎಳೆಯುವುದು ಆಮೇಲೆ.

ಹುಡುಗ ಎಲ್ಲ ಮಾಡಿದ. ಅವನ ಡೇಟಾ 18 ಮೀಟರಿಗೆ ಮುಗಿದಿತ್ತು. ‘27 ಮೀಟರಿಗೆ ಎಷ್ಟು, ಕೇಳಿ ನೋಡು’ ಎಂದೆ. ಕೊನೆಯ ಎರಡು ಬಿಂದುಗಳೂ 2000 ಇದ್ದವಲ್ಲ, ಸೈಪೈ ಅದನ್ನೇ ಮುಂದೆ ಎಳೆದು 2000 ಎಂದಿತು. ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ. ಆದರೆ ಅವನ ಯಂತ್ರ 25 ದಾಟಿದರೆ ರೆಕ್ಕೆ ತಿರುಗಿಸಿಕೊಂಡು ನಿಂತುಬಿಡುತ್ತದೆ. ಡೇಟಾ ಮುಗಿದ ಮೇಲೂ ಗೆರೆ ಎಳೆಯುವ ಎಕ್ಸ್‌ಟ್ರಾಪೊಲೇಟ್ ಆಫ್ ಮಾಡಿಸಿದೆ. 25ರ ಆಚೆ ಸೊನ್ನೆ ಎನ್ನುವ ಸಾಲನ್ನು ಅವನೇ ಕೈಯಾರೆ ಟೈಪ್ ಮಾಡಿದ.