ರಸ್ತೆಯಿಲ್ಲದ ನುನಾವುಟ್‌ಗೆ ರನ್‌ವೇ ಬಂದ ಕಥೆ

ಕೆನಡಾದ ಉತ್ತರ ತುದಿಯಲ್ಲಿರುವ ನುನಾವುಟ್‌ನ ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರ್. ಭಾರತದ ಮೂರನೇ ಎರಡರಷ್ಟು. ಅಷ್ಟು ದೊಡ್ಡ ನಾಡಿನಲ್ಲಿ ಇರುವುದು 25 ಊರುಗಳು, 2021ರ ಜನಗಣತಿ ಪ್ರಕಾರ 37 ಸಾವಿರದಷ್ಟು ಜನ. ಹೆಚ್ಚಿನವರು ಇಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಸಮುದಾಯದವರು. ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಹಡಗು ಬರುವುದು ಸಮುದ್ರದ ಹಿಮ ಕರಗಿದ ಕೆಲವೇ ತಿಂಗಳು. ಉಳಿದಂತೆ ಹಾಲು, ಔಷಧಿ, ಅಂಚೆ, ಗರ್ಭಿಣಿಯರು ಎಲ್ಲಕ್ಕೂ ವಿಮಾನವೇ ಗತಿ.

ಆದರೆ ಇಲ್ಲಿನ ಮೊದಲ ರನ್‌ವೇಗಳನ್ನು ಹಾಕಿದ್ದು ಈ ಜನರಿಗಾಗಿ ಅಲ್ಲ. ಇಂದಿನ ಬಹುತೇಕ ತೊಂದರೆಗಳ ಬೇರು ಇರುವುದು ಇಲ್ಲೇ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕಕ್ಕೆ ಯುರೋಪಿಗೆ ಯುದ್ಧವಿಮಾನ ಸಾಗಿಸಲು ನಡುವೆ ಇಳಿದಾಣಗಳು ಬೇಕಾಗಿದ್ದವು. ಹಾಗಾಗಿ 1942ರಲ್ಲಿ ಫ್ರೋಬಿಷರ್ ಬೇಯಲ್ಲಿ ವಾಯುನೆಲೆಯ ಕೆಲಸ ಶುರುವಾಯಿತು. ಅದರ ಸುತ್ತ ಬೆಳೆದ ಊರೇ ಇಂದಿನ ರಾಜಧಾನಿ ಇಕಾಲುಯಿಟ್. 1947ರಲ್ಲಿ ಇನ್ನೂ ಉತ್ತರದ ರೆಸೊಲ್ಯೂಟ್‌ನಲ್ಲಿ ಹವಾಮಾನ ಕೇಂದ್ರ ಬಂತು, ಅದರ ಹಿಂದೆಯೇ ವಿಮಾನ ಇಳಿಯುವ ಜಾಗವೂ ಬಂತು. ಜನ ಬಂದದ್ದು ಆಮೇಲೆ, ಅದೂ ತಾವಾಗಿ ಅಲ್ಲ. 1953ರಲ್ಲಿ ಸರ್ಕಾರ ದೂರದ ದಕ್ಷಿಣದ ಇನುಕ್‌ಜುವಾಕ್‌ನಿಂದ ಇನ್ಯುಯಿಟ್ ಕುಟುಂಬಗಳನ್ನು ಕರೆತಂದು ರೆಸೊಲ್ಯೂಟ್‌ನಲ್ಲೂ ಗ್ರೀಸ್ ಫಿಯೋರ್ಡ್‌ನಲ್ಲೂ ಬಿಟ್ಟಿತು. ಅದಕ್ಕೆ ಕ್ಷಮೆ ಕೇಳಿದ್ದು 2010ರಲ್ಲಿ. ಇದು ನೋವಿನ ಕಥೆ, ಮರೆಯಬಾರದ ಕಥೆ ಕೂಡ. 1955ರಿಂದ 57ರವರೆಗೆ ಸೋವಿಯತ್ ಬಾಂಬರ್‌ಗಳ ಮೇಲೆ ಕಣ್ಣಿಡಲು ರಾಡಾರ್ ಸಾಲು ಬಂತು. ಅದರ ಜೊತೆ ಇನ್ನಷ್ಟು ರನ್‌ವೇಗಳು.

ಊರವರ ಬಳಕೆಗೆಂದೇ ವಿಮಾನ ನಿಲ್ದಾಣ ಮಾಡುವ ಕೆಲಸಕ್ಕೆ ವೇಗ ಸಿಕ್ಕಿದ್ದು 1970ರ ದಶಕದ ನಂತರ. ಹಾಕಿದ್ದೆಲ್ಲ ಹೆಚ್ಚಾಗಿ ಜಲ್ಲಿ ರನ್‌ವೇ. ಅದು ಬರೀ ದುಡ್ಡು ಉಳಿಸುವ ಲೆಕ್ಕವಲ್ಲ. ಇಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಕಪ್ಪು ಡಾಂಬರು ಬಿಸಿಲು ಹೀರಿ ಕೆಳಗಿನ ಹಿಮವನ್ನು ಕರಗಿಸುತ್ತದೆ, ರನ್‌ವೇ ಅಲ್ಲಲ್ಲಿ ಕುಸಿಯುತ್ತದೆ. ಜಲ್ಲಿಯಾದರೆ ಗ್ರೇಡರ್ ಓಡಿಸಿ ಮತ್ತೆ ಸಮ ಮಾಡಬಹುದು. ಇಂದಿಗೂ ನುನಾವುಟ್‌ನಲ್ಲಿ ಡಾಂಬರು ಕಂಡ ರನ್‌ವೇ ಇರುವ ಊರುಗಳು ಎರಡೇ: ಇಕಾಲುಯಿಟ್, ರಾಂಕಿನ್ ಇನ್‌ಲೆಟ್.

ವಿಮಾನ ಇಳಿಸುವುದೂ ಸುಲಭವಲ್ಲ. ಸಣ್ಣ ಊರುಗಳಲ್ಲಿ ಕಂಟ್ರೋಲ್ ಟವರ್ ಇಲ್ಲ. ರೇಡಿಯೊ ಕೇಂದ್ರದಲ್ಲಿ ಕೂತ ಸ್ಥಳೀಯರೇ ಗಾಳಿ, ಮೋಡ, ರನ್‌ವೇ ಸ್ಥಿತಿಯನ್ನು ಪೈಲಟ್‌ಗೆ ಹೇಳುತ್ತಾರೆ. ಕಾಂತೀಯ ಧ್ರುವ ಹತ್ತಿರವಿರುವ ಕಡೆ ದಿಕ್ಸೂಚಿಯನ್ನು ನಂಬುವಂತಿಲ್ಲ. 2011ರ ಆಗಸ್ಟ್ 20ರಂದು ರೆಸೊಲ್ಯೂಟ್‌ನಲ್ಲಿ ಇಳಿಯುತ್ತಿದ್ದ ಫಸ್ಟ್ ಏರ್ ಕಂಪನಿಯ ವಿಮಾನ ದಾರಿ ತಪ್ಪಿ ರನ್‌ವೇ ಪಕ್ಕದ ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ 15 ಜನರಲ್ಲಿ 12 ಜನ ಸತ್ತರು.

ಆ ವಿಮಾನ ಬೋಯಿಂಗ್ 737-200. ಉತ್ತರದ ಊರುಗಳಿಗೆ ದಶಕಗಳ ಕಾಲ ಜನ, ಸರಕು ಎರಡನ್ನೂ ಹೊತ್ತು ತಂದ ಮಾದರಿ. ಕಲ್ಲು ಸಿಡಿಯದಂತೆ ಮುಂದಿನ ಚಕ್ರಕ್ಕೆ ಒಂದು ತಡೆ, ಎಂಜಿನ್ ಕೆಳಗೆ ಗಾಳಿ ಊದುವ ಕೊಳವೆ ಅಳವಡಿಸಿದರೆ ಜಲ್ಲಿಯ ಮೇಲೂ ಇಳಿಯುತ್ತಿತ್ತು. ಅದರ ತಯಾರಿಕೆ 1988ರಲ್ಲೇ ನಿಂತಿತು. ಈಗಿನ 737ಗಳ ಎಂಜಿನ್ ದೊಡ್ಡದು, ನೆಲಕ್ಕೆ ಹತ್ತಿರ. ಜಲ್ಲಿಗೆ ಆಗಿಬರುವುದಿಲ್ಲ. ಹೀಗಾಗಿ ಹೆಚ್ಚಿನ ಊರುಗಳು ಈಗ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನಗಳನ್ನೇ ನಂಬಿವೆ. ಗ್ರೀಸ್ ಫಿಯೋರ್ಡ್‌ನಂಥ ತೀರಾ ಚಿಕ್ಕ ರನ್‌ವೇಗೆ ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ ಒಂದೇ ದಾರಿ. ಅದು ಮೊದಲು ಹಾರಿದ್ದು 1965ರಲ್ಲಿ.

ಖರ್ಚು ಯಾರದು ಅನ್ನುವ ಪ್ರಶ್ನೆಯೂ ಹಳೆಯದೇ. 1990ರ ದಶಕದಲ್ಲಿ ಕೇಂದ್ರ ಸರ್ಕಾರ ಉತ್ತರದ ನಿಲ್ದಾಣಗಳನ್ನು ಅಲ್ಲಿನ ಸ್ಥಳೀಯ ಸರ್ಕಾರಕ್ಕೆ ಒಪ್ಪಿಸಿತು. 1999ರಲ್ಲಿ ಹುಟ್ಟಿದ ನುನಾವುಟ್ ಸರ್ಕಾರದ ಹೆಗಲಿಗೆ ಅವು ಹುಟ್ಟಿನಿಂದಲೇ ಬಿದ್ದವು. ದುರಸ್ತಿಗೆ ಕೇಂದ್ರದ ಸಹಾಯ ನಿಧಿ ಇದೆ. ಅದರಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 3.8 ಕೋಟಿ ಡಾಲರ್. ಇಕಾಲುಯಿಟ್‌ನ ಹೊಸ ಟರ್ಮಿನಲ್ ಮತ್ತು ರನ್‌ವೇ ಕೆಲಸ ಒಂದಕ್ಕೇ ಸುಮಾರು 30 ಕೋಟಿ ಡಾಲರ್ ಆಗಿತ್ತು. ಉತ್ತರದ 117 ದೂರದ ನಿಲ್ದಾಣಗಳ ಬಗ್ಗೆ 2017ರಲ್ಲಿ ವರದಿ ಕೊಟ್ಟ ಕೆನಡಾದ ಮಹಾಲೆಕ್ಕಪರಿಶೋಧಕರು, ಕೇಂದ್ರದ ಸಾರಿಗೆ ಇಲಾಖೆ ಮುಂದಾಳತ್ವ ವಹಿಸಿಲ್ಲ ಎಂದು ನೇರವಾಗಿಯೇ ಹೇಳಿದರು. ಬೇರೆ ಕಡೆ ಹೆದ್ದಾರಿಗೆ ಲಾಭ ನಷ್ಟ ಕೇಳುವುದಿಲ್ಲ, ಅಲ್ವಾ? ಇಲ್ಲಿ ರನ್‌ವೇಯೇ ಹೆದ್ದಾರಿ. ಅದೇ ನ್ಯಾಯ ಇದಕ್ಕೂ ಸಿಗಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ಇಡೀ ನುನಾವುಟ್‌ಗೆ ಆಸ್ಪತ್ರೆ ಇರುವುದು ಇಕಾಲುಯಿಟ್‌ನಲ್ಲಿ ಒಂದೇ. ದೊಡ್ಡ ಕಾಯಿಲೆ ಬಂದರೆ ಪೂರ್ವದವರು ಒಟ್ಟಾವಾಗೆ, ನಡುಭಾಗದವರು ವಿನಿಪೆಗ್‌ಗೆ, ಪಶ್ಚಿಮದವರು ಯೆಲ್ಲೋನೈಫ್‌ಗೆ ಹಾರಬೇಕು. ಮಂಜು ಕವಿದರೆ ರೋಗಿ ಕಾಯಲೇಬೇಕು. ರನ್‌ವೇ ಚಿಕ್ಕದಿದ್ದಷ್ಟೂ ಬರಬಲ್ಲ ವಿಮಾನಗಳು ಕಡಿಮೆ. ಪಾಂಗ್ನಿರ್ಟಂಗ್ ಎಂಬ ಊರಿನಲ್ಲಂತೂ ರನ್‌ವೇ ಊರ ನಟ್ಟನಡುವೆ ಇದೆ. ಎರಡೂ ಬದಿ ಮನೆಗಳು, ಸುತ್ತ ಬೆಟ್ಟ. ಉದ್ದ ಮಾಡಲು ಜಾಗವಿಲ್ಲ. ದೊಡ್ಡ ವಿಮಾನ ಬರಬೇಕೆಂದರೆ ಊರ ಹೊರಗೆ ಹೊಸದನ್ನೇ ಕಟ್ಟಬೇಕು.