‘ನಾಟ್ ರೀಚಬಲ್’ ಊರಿನವರ ಅಭಿಪ್ರಾಯ

ಇಸ್ರೋದ ಸಂಪರ್ಕ ಉಪಗ್ರಹಗಳು ನಮ್ಮ ತಲೆ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅವು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವ ಕೇಂದ್ರ ಇರುವುದು ಹಾಸನದ ಸಾಲಗಾಮೆ ರಸ್ತೆಯಲ್ಲಿ. 1982ರಿಂದಲೂ ಅಲ್ಲಿ ಇದೇ ಕೆಲಸ. ಅದೇ ಹಾಸನದಿಂದ 40 ಕಿಲೋಮೀಟರ್ ದೂರದ ಸಕಲೇಶಪುರಕ್ಕೆ ಹೋಗಿ, ಹೆತ್ತೂರು, ಬಿಸಿಲೆ ಕಡೆ ತಿರುಗಿ ನೋಡಿ. ಫೋನಿನ ಕಡ್ಡಿಗಳು ಒಂದೊಂದೇ ಮಾಯವಾಗುತ್ತವೆ. ಅತ್ತ ಅರಸೀಕೆರೆ ಬಯಲಿನಲ್ಲಿ ತೆಂಗಿನ ತೋಟದಿಂದಲೇ ವಿಡಿಯೋ ಕಾಲ್ ಆರಾಮಾಗಿ ಹೋಗುತ್ತದೆ. ಎರಡೂ ಒಂದೇ ಜಿಲ್ಲೆ.

ಇದಕ್ಕೆ ಕಾರಣ ಹುಡುಕಲು ತರಂಗದ ಅಳತೆ ನೋಡಬೇಕು. ಹಳೆಯ 2ಜಿ ಹೆಚ್ಚಾಗಿ 900 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಆ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. 4ಜಿಗೆ ಬಳಸುವ 2300 ಮೆಗಾಹರ್ಟ್ಸ್‌ನದ್ದು 13 ಸೆಂಟಿಮೀಟರ್. 5ಜಿಯ 3500 ಮೆಗಾಹರ್ಟ್ಸ್‌ಗೆ ಬಂದರೆ 9 ಸೆಂಟಿಮೀಟರಿಗೂ ಕಮ್ಮಿ. ಉದ್ದದ ತರಂಗ ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಬಾಗಿ ಆಚೆ ಕಣಿವೆಗೂ ಇಳಿಯುತ್ತದೆ. ಗಿಡ್ಡ ತರಂಗ ಬೆಳಕಿನ ಹಾಗೆ ನೆಟ್ಟಗೆ ಹೋಗಿ, ಗುಡ್ಡದ ಹಿಂದೆ ನೆರಳು ಬಿಡುತ್ತದೆ. ತೋಟದ ಮರಗಳ ಒದ್ದೆ ಎಲೆಗಳೂ ಅದನ್ನೇ ಜಾಸ್ತಿ ಹೀರುತ್ತವೆ. ‘ಕಾಲ್ ಬರುತ್ತೆ, ನೆಟ್ ಮಾತ್ರ ಬರಲ್ಲ’ ಅಂತ ಮಲೆನಾಡಿನವರು ಗೊಣಗುವುದರ ಹಿಂದೆ ಈ ಭೌತಶಾಸ್ತ್ರ ಇದೆ.

ಇದರ ಮೇಲೆ ಮಳೆಗಾಲ. ಮರ ಬಿದ್ದು ಲೈನ್ ಹರಿದರೆ ಕರೆಂಟ್ ಹೋಗುತ್ತದೆ. ಟವರ್ ಬ್ಯಾಟರಿ ಮುಗಿಯುತ್ತದೆ. ಜನರೇಟರಿಗೆ ಡೀಸೆಲ್ ತರುವವರು ಬರುವ ತನಕ ಊರೇ ನಾಟ್ ರೀಚಬಲ್. ಇನ್ನು ಕಂಪನಿಗಳ ಲೆಕ್ಕ: ಗುಡ್ಡಕ್ಕೊಂದು ಟವರ್ ಬೇಕು, ಆದರೆ ಗುಡ್ಡಕ್ಕೆ ಇರುವುದು ನಾಲ್ಕೈದು ಒಂಟಿ ಮನೆ.

ಬೆಟ್ಟವೇ ಇಲ್ಲದ ಕಡೆಯೂ ಅಂತರ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ಯಾವತ್ತಾದರೂ ಇಂಟರ್ನೆಟ್ ಬಳಸಿದ್ದೀರಾ?’ ಎಂದು ಕೇಳಿದ್ದರು. ಹೌದು ಅಂದ ಹೆಂಗಸರು ಸಿಕ್ಕಿಂನಲ್ಲಿ ಶೇ. 76.7, ಕೇರಳದಲ್ಲಿ 61.1, ಬಿಹಾರದಲ್ಲಿ 20.6. ಸಿಕ್ಕಿಂ ಪೂರ್ತಿ ಗುಡ್ಡಗಾಡು, ಬಿಹಾರ ಬಹುತೇಕ ಬಯಲು! ಕರ್ನಾಟಕದಲ್ಲಿ ಹೆಂಗಸರು ಶೇ. 35, ಗಂಡಸರು 62.4. ಇದು ಕೋವಿಡ್‌ಗೆ ಮುಂಚೆ ನಮ್ಮ ರಾಜ್ಯದಲ್ಲಿ ಕೇಳಿದ್ದು, ಈಗ ಏರಿರುತ್ತದೆ. ಆದರೂ ಒಂದೇ ಸೂರಿನಡಿ, ಒಂದೇ ಟವರಿನಡಿ ಇರುವವರ ನಡುವೆ ಇಷ್ಟು ವ್ಯತ್ಯಾಸ ಬಂದದ್ದು ಹೇಗೆ? ಫೋನ್ ಯಾರ ಜೇಬಿನಲ್ಲಿದೆ ಅನ್ನುವುದನ್ನೂ ನೋಡಬೇಕು, ಅಲ್ವಾ?

‘ಆ ಕಡೆಯವರಿಗೆ ಇದರಲ್ಲೆಲ್ಲ ಆಸಕ್ತಿ ಇಲ್ಲ’ ಅಂತ ನಗರದಲ್ಲಿ ಕೂತು ಹೇಳುವವರಿದ್ದಾರೆ. ನನಗೆ ಇದು ಬರೀ ಉಡಾಫೆ ಅನ್ನಿಸುತ್ತದೆ. ರೋಬಸ್ಟಾ ಕಾಫಿ ಬೆಳೆದವರು ಲಂಡನ್ ಮಾರುಕಟ್ಟೆ ರೇಟಿಗೆ ಕಾಯುತ್ತಾರೆ, ಅರೇಬಿಕಾದವರು ನ್ಯೂಯಾರ್ಕ್ ಕಡೆ ನೋಡುತ್ತಾರೆ. ಆಲೂರು, ಸಕಲೇಶಪುರದಲ್ಲಿ ಕಾಡಾನೆ ಯಾವ ಎಸ್ಟೇಟಿನಲ್ಲಿದೆ ಅನ್ನುವುದು ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತದೆ. ಬೆಳಿಗ್ಗೆ ಆಳುಗಳನ್ನು ಕೆಲಸಕ್ಕೆ ಕಳಿಸುವ ಮುಂಚೆ ಆ ಮೆಸೇಜ್ ನೋಡಲೇಬೇಕು. ಅಂಥ ಊರಿನಲ್ಲಿ ನೆಟ್ ಬೇಡ ಅನ್ನುವವರು ಯಾರು?

ನನ್ನ ತಕರಾರು ಇರುವುದು ಇಲ್ಲೇ. ‘ಜನಾಭಿಪ್ರಾಯ’ ಅಂತ ಬರುವ ಎಷ್ಟೋ ಸಮೀಕ್ಷೆಗಳು ಇವತ್ತು ನಡೆಯುವುದೇ ಆನ್‌ಲೈನಿನಲ್ಲಿ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ ವಿಳಾಸ ಹೆಕ್ಕಿ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ಓಟು ಎಂದು ಕೇಳಿ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಬಾಚಿಕೊಂಡರು. ಫೋನು, ಕಾರು ಇಲ್ಲದ ಬಡವರ ಮಾತು ಪಟ್ಟಿಗೇ ಬಂದಿರಲಿಲ್ಲ. ಕಾರ್ಡ್ ತಲುಪಿದವರಲ್ಲೂ ಹೆಚ್ಚಿನವರು ಉತ್ತರಿಸಲಿಲ್ಲ.

ಈಗಿನ ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಮದ್ದು ಮಾಡುತ್ತಾರೆ. ಹಳ್ಳಿ ಹೆಂಗಸರು ಕಡಿಮೆ ಸಿಕ್ಕರೆ, ಸಿಕ್ಕ ಕೆಲವರ ಉತ್ತರಕ್ಕೇ ಹೆಚ್ಚು ತೂಕ ಕೊಡುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ. ಆದರೆ ಮನೆಯಲ್ಲಿ ವೈಫೈ, ಕೈಯಲ್ಲಿ ಸ್ವಂತ ಫೋನ್ ಇರುವ ಎಸ್ಟೇಟಿನ ಒಡತಿ ಮತ್ತು ಅದೇ ತೋಟದ ಲೈನ್ ಮನೆಯಲ್ಲಿರುವ ಅದೇ ವಯಸ್ಸಿನ ಕೂಲಿ ಹೆಂಗಸು, ಇಬ್ಬರೂ ಒಂದೇ ಥರ ಯೋಚಿಸುತ್ತಾರಾ? ರೇಷನ್ನು, ಕೂಲಿ, ಬಸ್ಸು, ಆಸ್ಪತ್ರೆ ಬಗ್ಗೆ ಒಡತಿಯ ಉತ್ತರಕ್ಕೆ ಹತ್ತು ಪಟ್ಟು ತೂಕ ಕೊಟ್ಟರೂ ಅದು ಒಡತಿಯದೇ ಉತ್ತರ.

ಅಂದಹಾಗೆ, ಮೇಲೆ ಹೇಳಿದ ಕುಟುಂಬ ಸಮೀಕ್ಷೆಯವರು ದೇಶದಲ್ಲಿ 6 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಖುದ್ದಾಗಿ ಹೋಗಿ, ಎದುರಿಗೆ ಕೂತು ಪ್ರಶ್ನೆ ಕೇಳಿದ್ದರು. ‘ಇಂಟರ್ನೆಟ್ ಬಳಸಿದ್ದೀರಾ?’ ಅನ್ನುವುದನ್ನು ಅವರು ಆನ್‌ಲೈನಿನಲ್ಲೇ ಕೇಳಿದ್ದರೆ ಬಿಹಾರದಲ್ಲೂ ಬಿಸಿಲೆಯಲ್ಲೂ ಒಂದೇ ಉತ್ತರ ಬರುತ್ತಿತ್ತು: ನೂರಕ್ಕೆ ನೂರು.